ಶಾಖವನ್ನು ಹುಟ್ಟಿಸುವುದೇಕೆ, ಹೊತ್ತು ತಂದರಾಯಿತು

ಕಾಯಿಲ್ ಕೆಂಪಾಗಿ ಉರಿಯುವ ಸಾಮಾನ್ಯ ರೂಮ್ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ. ಏನೂ ಪೋಲಾಗುವುದಿಲ್ಲ, ದಕ್ಷತೆ ನೂರಕ್ಕೆ ನೂರು. ಆದರೂ ಚಳಿ ದೇಶದ ಮನೆಯನ್ನು ಬೆಚ್ಚಗಿಡಲು ಅದು ದುಂದುವೆಚ್ಚದ ಸಾಧನವೇ ಸರಿ. ಏಕೆಂದರೆ ಅಷ್ಟೇ ಕರೆಂಟಿನಲ್ಲಿ ಸುಮಾರು ಮೂರು ಯೂನಿಟ್ ಶಾಖವನ್ನು ಮನೆಯೊಳಕ್ಕೆ ತರುವ ಹೀಟ್ ಪಂಪ್ ಎಂಬ ಯಂತ್ರವಿದೆ. ಇದು ನಿನ್ನೆ ಮೊನ್ನೆಯ ಶೋಧವೂ ಅಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲೇ ಇದರ ತತ್ವವನ್ನು ಮುಂದಿಟ್ಟಿದ್ದ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ 1938ರಲ್ಲಿ ಪಕ್ಕದ ಲಿಮಾಟ್ ನದಿಯ ತಣ್ಣೀರಿನಿಂದ ಶಾಖ ಹೀರಿ ತನ್ನ ಪುರಭವನವನ್ನು ಬೆಚ್ಚಗಾಗಿಸಿತು. ಇಂದು ಯುರೋಪಿನ ಅತಿ ಚಳಿಯ ದೇಶಗಳಲ್ಲೊಂದಾದ ನಾರ್ವೆಯಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳು ಹೀಟ್ ಪಂಪ್ ಬಳಸುತ್ತವೆ.

ಒಂದು ಕೊಟ್ಟು ಮೂರು ಪಡೆಯುವುದೆಂದರೆ ಶಕ್ತಿ ಸಂರಕ್ಷಣೆಯ ನಿಯಮವನ್ನೇ ಮುರಿದಂತಲ್ಲವೇ ಎಂಬ ಅನುಮಾನ ಸಹಜ. ಇಲ್ಲಿ ಯಾವ ನಿಯಮವೂ ಮುರಿಯುವುದಿಲ್ಲ. ಉಳಿದೆರಡು ಯೂನಿಟ್ ಹೊರಗಿನ ಗಾಳಿಯಲ್ಲಿ ಮೊದಲೇ ಇದ್ದದ್ದು. ಯಂತ್ರ ಅದನ್ನು ಹೊತ್ತು ತರುತ್ತದೆ, ಅಷ್ಟೆ. ನಮಗೆ ತಣ್ಣಗೆ ಕೊರೆಯುವ ಮೈನಸ್ 5 ಡಿಗ್ರಿ ಸೆಲ್ಸಿಯಸ್ ಗಾಳಿ ಕೂಡ ಶಾಖವಿಲ್ಲದ ಗಾಳಿಯಲ್ಲ, ನಿರಪೇಕ್ಷ ಶೂನ್ಯಕ್ಕಿಂತ 268 ಡಿಗ್ರಿ ಮೇಲಿರುವ ಗಾಳಿ. ಅದಕ್ಕಿಂತ ತಣ್ಣಗಿನ ವಸ್ತುವೊಂದನ್ನು ಎದುರಿಗಿಟ್ಟರೆ ಶಾಖ ತಾನಾಗಿ ಅತ್ತ ಹರಿಯುತ್ತದೆ. ಇತ್ತೀಚಿನ ಕೆಲವು ಹೀಟ್ ಪಂಪ್‌ಗಳಲ್ಲಿ ಬಳಸುವ ಪ್ರೊಪೇನ್ ಅಂಥ ವಸ್ತು. ಕಿರಿದಾದ ವಾಲ್ವ್ ಮೂಲಕ ಹಾಯುವ ದ್ರವರೂಪದ ಪ್ರೊಪೇನಿನ ಒತ್ತಡ ಸುಮಾರು ಮೂರು ವಾಯುಭಾರಕ್ಕೆ ಇಳಿದಾಗ ಅದು ಮೈನಸ್ 15 ಡಿಗ್ರಿಯಲ್ಲೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಹೊರಗಿನ ಗಾಳಿಯಿಂದ ಹೀರುತ್ತದೆ. ಹೀಗೆ ಅನಿಲವಾದದ್ದನ್ನು ಕಂಪ್ರೆಸರ್ ಸುಮಾರು ಹದಿನೈದು ವಾಯುಭಾರಕ್ಕೆ ಒತ್ತಿದರೆ ಅದು ಬಿಸಿಯೇರುತ್ತದೆ, ಒಳಗಿನ ಕೊಳವೆಗಳಲ್ಲಿ 45 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ದ್ರವವಾಗುತ್ತ ಹೊತ್ತು ತಂದ ಶಾಖವನ್ನೆಲ್ಲ ಮನೆಗೆ ಬಿಟ್ಟುಕೊಡುತ್ತದೆ. ಫ್ರಿಜ್‌ನ ಕೆಲಸವೂ ಇದೇ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುವುದರಿಂದಲೇ ಅದರ ಹಿಂಬದಿ ಬೆಚ್ಚಗಿರುತ್ತದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಶಾಖ ಅತಿ ಹೆಚ್ಚು ಬೇಕಾದ ದಿನವೇ ಈ ಯಂತ್ರ ಸೊರಗುತ್ತದೆ. ನಿಜ. ಬಾವಿ ಆಳವಾದಷ್ಟೂ ನೀರೆತ್ತಲು ಹೆಚ್ಚು ಕರೆಂಟು ಬೇಕಾಗುವಂತೆ, ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರ ಹಿಗ್ಗಿದಷ್ಟೂ ಕಂಪ್ರೆಸರಿನ ದುಡಿಮೆ ಹೆಚ್ಚುತ್ತದೆ. ಗಾಳಿಯ ತೇವ ಹೊರಗಿನ ಕಾಯಿಲ್‌ಗಳ ಮೇಲೆ ಹಿಮವಾಗಿ ಕಟ್ಟುತ್ತದೆ. ಯಂತ್ರ ಆಗಾಗ ಕೆಲವು ನಿಮಿಷ ಉಲ್ಟಾ ಓಡಿ, ಒಳಗಿನ ಶಾಖವನ್ನೇ ಹೊರಗೆ ಕಳಿಸಿ, ಆ ಹಿಮವನ್ನು ಕರಗಿಸಿಕೊಳ್ಳಬೇಕು. ಕಡುಚಳಿಯಲ್ಲಿ ಮೂರರ ಲಾಭ ಎರಡಕ್ಕೆ ಇಳಿಯಬಹುದು. ಹಾಗಿದ್ದೂ ಅದು ಕಾಯಿಲ್ ಹೀಟರಿನ ದುಪ್ಪಟ್ಟು. ಅಲ್ಲದೆ ವರ್ಷದ ಬಿಲ್ಲನ್ನು ನಿರ್ಧರಿಸುವುದು ಕಡುಚಳಿಯ ನಾಲ್ಕು ರಾತ್ರಿಗಳಲ್ಲ, ಇಡೀ ಚಳಿಗಾಲ.

ಇನ್ನು, ಪಳೆಯುಳಿಕೆ ಇಂಧನ ಸುಟ್ಟು ಮಾಡಿದ ಕರೆಂಟಿನಿಂದ ಶಾಖ ತಂದರೆ ಉಳಿಸಿದ್ದೇನು ಎಂಬ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಒಂದು ಯೂನಿಟ್ ಶಕ್ತಿಯ ಗ್ಯಾಸನ್ನು ಮನೆಯ ಒಳ್ಳೆಯ ಬಾಯ್ಲರಿನಲ್ಲಿ ಸುಟ್ಟರೆ ಸುಮಾರು 0.9 ಯೂನಿಟ್ ಶಾಖ ಸಿಗುತ್ತದೆ. ಅದೇ ಗ್ಯಾಸನ್ನು ಆಧುನಿಕ ವಿದ್ಯುತ್ ಸ್ಥಾವರದಲ್ಲಿ ಸುಟ್ಟರೆ ಅರ್ಧ ಯೂನಿಟ್ ಕರೆಂಟು. ಹೀಟ್ ಪಂಪ್ ಅದನ್ನು ಒಂದೂವರೆ ಯೂನಿಟ್ ಶಾಖವಾಗಿಸುತ್ತದೆ. ತಂತಿಗಳಲ್ಲಿ ಸೋರುವುದನ್ನು ಕಳೆದರೂ ಲಾಭವೇ. ಜಲವಿದ್ಯುತ್ ಹೇರಳವಾಗಿರುವ ನಾರ್ವೆಯಂಥಲ್ಲಿ ಹೊಗೆಯ ಮಾತೇ ಇಲ್ಲ. ಆದರೆ ಶಕ್ತಿ ಉಳಿದಲ್ಲೆಲ್ಲ ಹಣವೂ ಉಳಿಯುತ್ತದೆ ಎನ್ನಲಾಗದು. ಬ್ರಿಟನ್ನಿನಂತೆ ಕರೆಂಟಿನ ಯೂನಿಟ್ ದರ ಗ್ಯಾಸಿಗಿಂತ ಹಲವು ಪಟ್ಟು ಇರುವಲ್ಲಿ ಬಿಲ್ಲು ಇಳಿಯದೇ ಹೋಗಬಹುದು. ಅದಕ್ಕೆ ಹೊಣೆ ದರನೀತಿ, ಯಂತ್ರವಲ್ಲ.

ಇಷ್ಟಾಗಿಯೂ ಸಂದುಗಳಿಂದ ಗಾಳಿ ನುಗ್ಗುವ ಮನೆಗೆ ಹೀಟ್ ಪಂಪ್ ತಂದು ಕೂರಿಸುವುದು ಜಾಣತನವಲ್ಲ. ಮೊದಲು ಕಿಟಕಿ-ಬಾಗಿಲುಗಳ ಸಂದು ಮುಚ್ಚಬೇಕು, ಚಾವಣಿಗೂ ಗೋಡೆಗೂ ಶಾಖ ಸೋರದ ಹೊದಿಕೆ ಬೇಕು. ಆಗ ಚಿಕ್ಕ ಯಂತ್ರ ಸಾಕು; ಬೆಚ್ಚಗಾಗಲು ಕೊಳವೆಗಳಲ್ಲಿ 70 ಡಿಗ್ರಿಯ ನೀರು ಬೇಡುತ್ತಿದ್ದ ಮನೆಗೆ 40 ಡಿಗ್ರಿಯ ನೀರೇ ಸಾಲುವುದರಿಂದ ಅದರ ದಕ್ಷತೆಯೂ ಹೆಚ್ಚುತ್ತದೆ.

ಕರ್ನಾಟಕದಲ್ಲಿ ಮನೆ ಕಾಯಿಸುವ ಪ್ರಮೇಯ ಅಪರೂಪ, ಸ್ನಾನದ ನೀರು ಕಾಯಿಸುವುದು ನಿತ್ಯದ ಕೆಲಸ. 20 ಡಿಗ್ರಿಯ ನೂರು ಲೀಟರ್ ನೀರನ್ನು 50 ಡಿಗ್ರಿಗೆ ಏರಿಸಲು ಗೀಸರಿಗೆ ಮೂರೂವರೆ ಯೂನಿಟ್ ಬೇಕು. ಹೀಟ್ ಪಂಪ್ ಇರುವ ವಾಟರ್ ಹೀಟರಿಗೆ ಒಂದು, ಒಂದೂಕಾಲು ಯೂನಿಟ್ ಸಾಕು. ನಮ್ಮ ಗಾಳಿ ವರ್ಷವಿಡೀ ಬೆಚ್ಚಗಿರುವುದರಿಂದ ನಾರ್ವೆಗಿಂತ ಇಲ್ಲಿ ಅದರ ಕೆಲಸ ಸುಲಭ. ಯಂತ್ರದ ಬೆಲೆ ಗೀಸರಿಗಿಂತ ಬಹಳ ಹೆಚ್ಚು ಎಂಬುದು ನಿಜ, ಹಾಗಾಗಿ ನೀರಿನ ಬಳಕೆ ಕಡಿಮೆಯಿರುವ ಪುಟ್ಟ ಮನೆಗೆ ಅದು ಗಿಟ್ಟದು. ಆದರೆ ದಿನವೂ ಸಾವಿರಾರು ಲೀಟರ್ ಕಾಯಿಸುವ ಹಾಸ್ಟೆಲ್, ಹೋಟೆಲ್, ಆಸ್ಪತ್ರೆಗಳು ಇನ್ನೂ ಕಾಯಿಲ್‌ಗೇ ಅಂಟಿಕೊಂಡಿರಲು ಕಾರಣವಿಲ್ಲ.