ಕಡಲತೀರದಲ್ಲಿ ಅಜ್ಜಿಗೂ ರಜೆ

ಶಾಲೆಗಳಿಗೆ ರಜೆ ಬಂತೆಂದರೆ ನಮ್ಮ ಮೂಡಲಪಾಳ್ಯದ ಕುಟುಂಬಗಳು ಅಜ್ಜ ಅಜ್ಜಿಯರನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು ಕರಾವಳಿಗೆ ಹೊರಡುವುದುಂಟು. ಮಲ್ಪೆಯಿಂದ ದೋಣಿಯೇರಿದರೆ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿಳಿದು ಮಾತೆ ಮರಿಯಳ ಹೆಸರಿಟ್ಟನೆಂಬುದು ಪ್ರತೀತಿ. ಪಡುಬಿದ್ರಿಯ ಕಡಲತೀರವು ಸ್ವಚ್ಛತೆ, ಸುರಕ್ಷತೆಗಳಿಗಾಗಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆಯಿತು.

ಆದರೆ ರೆಸಾರ್ಟ್ ತಲುಪಿದ ಮೇಲೆ ಆಗುವುದೇನು? ತಂದೆ ತಾಯಿ ಅಲೆಗಳತ್ತ ಓಡುತ್ತಾರೆ. ಕೂಸು ಅಜ್ಜಿಯ ಮಡಿಲಿಗೆ, ಚೀಲ ಚಪ್ಪಲಿಗಳು ಅಜ್ಜನ ಕಾವಲಿಗೆ. ಮನೆಯ ದುಡಿಮೆಯೇ ಮರಳಿನ ಮೇಲೂ ಮುಂದುವರಿಯುತ್ತದೆ. ಯಾವ ವ್ಯಕ್ತಿಯನ್ನೂ ಕೇವಲ ಸಾಧನವಾಗಿ ಬಳಸಬಾರದೆಂದು ದಾರ್ಶನಿಕ ಕಾಂಟ್ 1785ರಲ್ಲೇ ವಾದಿಸಿದ. ಮೊಮ್ಮಗುವನ್ನು ಎತ್ತಿಕೊಳ್ಳುವುದು ಅಜ್ಜಿಗೆ ಆನಂದವೇ ಸರಿ. ಆ ಆನಂದವನ್ನು ಬಿಡುವಿಲ್ಲದ ಕೆಲಸವನ್ನಾಗಿಸುವುದು ಅನ್ಯಾಯ.

ಇದರಲ್ಲಿ ಅಪಾಯವೂ ಉಂಟು. ದಡದಿಂದ ಒಳಗಡಲಿಗೆ ಹರಿಯುವ ನೀರಿನ ಸೆಳೆತವು ಈಜು ಬಲ್ಲ ತರುಣರನ್ನೂ ಒಯ್ಯಬಲ್ಲದು. ಮೊಣಕಾಲು ನೋಯುವ ಅಜ್ಜಿ, ನೀರಿನತ್ತ ಓಡುವ ಮೂರು ವರ್ಷದ ಮಗುವನ್ನು ಹಿಡಿಯುವುದೆಂತು? ಮಕ್ಕಳ ಕಾವಲನ್ನು ತಂದೆ ತಾಯಿ ಸರದಿಯಂತೆ ಹೊರಲಿ. ಜೀವರಕ್ಷಕರು ಇರುವೆಡೆ ಮಾತ್ರ ನೀರಿಗಿಳಿಯಲಿ. ಸಂಜೆ ಹಿರಿಯರ ಕೈಹಿಡಿದು ಅಲೆಯಂಚಿಗೆ ಕರೆದೊಯ್ಯಲಿ.

ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನಾಗಿ ಸ್ಥಾಪಿಸಿದರು. ಆಗ ಮುಂಗಾರಿನ ಕಡಲು ಕೆರಳಿರುತ್ತದೆ, ದ್ವೀಪದ ದೋಣಿಗಳು ನಿಂತಿರುತ್ತವೆ. ದಸರಾ, ಕ್ರಿಸ್ಮಸ್ ರಜೆಗಳಲ್ಲಿ ಹೊರಡುವ ನಾವು ಆ ದಿನದ ಗೌರವವನ್ನು ಜೊತೆಯಲ್ಲೇ ಒಯ್ಯೋಣ. ಕೊಠಡಿ ಕಾಯ್ದಿರಿಸುವ ಮುನ್ನ ಅಜ್ಜಿಯನ್ನು ಒಂದು ಮಾತು ಕೇಳೋಣ: "ಅಲ್ಲಿ ನಿಮಗೇನು ಇಷ್ಟ?"