ಕೆಮರಾ ಕೊಳ್ಳುವ ಮುನ್ನ

ನಮ್ಮ ಕೇರಳದಲ್ಲಿ ರಸ್ತೆಬದಿಯ ಹೊಸ ಕೆಮರಾಗಳು 2023ರ ಜೂನ್ 5ರಿಂದ ದಂಡ ಹಾಕತೊಡಗಿದವು. ಯೋಜನೆಯಲ್ಲಿ ಒಟ್ಟು 726 ಕೆಮರಾಗಳು. ಅವುಗಳಲ್ಲಿ 675 ಹೆಲ್ಮೆಟ್, ಸೀಟ್ ಬೆಲ್ಟ್ ಮುಂತಾದವನ್ನು ನೋಡುವಂಥವು. ಕೆಮರಾ ನಿಂತ ಮೇಲೆ ಖರೀದಿಯ ಕುರಿತು ಎದ್ದ ವಿವಾದ ಹೈಕೋರ್ಟಿನ ಮೆಟ್ಟಿಲೇರಿತು.

ನಮ್ಮಂತೆಯೇ ಗಡಿಯಲ್ಲಿರುವ ಮರಾಠವಾಡದ ಊರುಗಳಿಗೂ ಇದರಲ್ಲಿ ಪಾಠವಿದೆ. ಉಮರ್ಗಾ ಇರುವುದು ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿ. ಉದಗೀರದಿಂದ ಬೀದರಿಗೆ, ನಿಲಂಗಾದಿಂದ ಭಾಲ್ಕಿಯ ಕಡೆಗೆ ರಸ್ತೆಗಳುಂಟು. ಮರಾಠಿ ಬಾರದ ಕನ್ನಡ ಚಾಲಕನೂ ಅಲ್ಲಿ ಓಡಾಡುವವನೇ.

ಇಂಥ ಊರು ಕೆಮರಾ ಕೊಳ್ಳುವುದು ಹೇಗೆ? ಸಿಸ್ಟಮ್ಸ್ ಇಂಜಿನಿಯರಿಂಗ್ ಶಾಸ್ತ್ರದ ಉತ್ತರ ಸರಳವಾಗಿದೆ. ಅಪಘಾತ ಎಲ್ಲಿ, ಏಕೆ ಆಗುತ್ತದೆಂದು ಮೊದಲು ತಿಳಿಯಬೇಕು. ಬೇಕಾದುದನ್ನು ಕಲಮುಕಲಮಾಗಿ ಬರೆಯಬೇಕು: ಮಳೆಯ ರಾತ್ರಿಯಲ್ಲಿ ನಂಬರು ಓದಬೇಕೇ, ಕರೆಂಟು ಹೋದರೆ ಏನು, ದುರಸ್ತಿ ಯಾರ ಪಾಲು? ಪ್ರತಿ ಕಲಮಿಗೂ ಒಂದು ಪರೀಕ್ಷೆ ಗೊತ್ತುಮಾಡಿ, ತೇರ್ಗಡೆಯಾದ ಮೇಲೆ ಹಣ ಕೊಡಬೇಕು. ಪ್ರಶ್ನೆಪತ್ರಿಕೆಯಿಲ್ಲದೆ ಅಂಕ ಕೊಡುವ ಮಾಸ್ತರರುಂಟೇ?

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮವು ಉಪಕರಣಕ್ಕೆ ವರ್ಷವರ್ಷವೂ ನವೀಕರಿಸುವ ಪ್ರಮಾಣಪತ್ರವನ್ನೂ, ರಸ್ತೆಯಲ್ಲಿ ಮುಂಚಿತವಾಗಿ ಎಚ್ಚರಿಕೆ ಫಲಕವನ್ನೂ ವಿಧಿಸಿತು. ಆದರೆ ಚಾಲಕನಿಗೆ ಓದಲು ಬಾರದ ಫಲಕ ಇದ್ದೂ ಇಲ್ಲದಂತೆ. "ಫಲಕ ಕನ್ನಡದಲ್ಲಿಯೂ ಇರತಕ್ಕದ್ದು" ಎಂಬ ಒಂದು ಕಲಮು ಮೊದಲ ಕಾಗದದಲ್ಲೇ ಸೇರಬೇಕು. ಅಲ್ಲಿಲ್ಲದ್ದನ್ನು ಗುತ್ತಿಗೆದಾರ ತಾನಾಗಿ ತಂದುಕೊಡಲಾರ. ಕಂಬ ನೆಟ್ಟ ಮೇಲೆ ಉಳಿಯುವುದು ಮನವಿ ಬರೆಯುವ ಕೆಲಸ ಮಾತ್ರ. ಅದರ ದಣಿವು ಎಂಥದೆಂದು ಕಾಸರಗೋಡಿನ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.