ಪಾಠಶಾಲೆಯ ಹಿತ್ತಲಲ್ಲಿ ಒಂದು ಮುಂಗಾರು

ಬೇಸಾಯವು ಮನೆಯಲ್ಲಿ ಕಲಿಯತಕ್ಕದ್ದು, ಅಕ್ಷರವು ಪಾಠಶಾಲೆಯಲ್ಲಿ ಕಲಿಯತಕ್ಕದ್ದು ಎಂಬ ಭಾವನೆಯು ನಮ್ಮ ಗ್ರಾಮಗಳಲ್ಲಿ ಬಹುಕಾಲದಿಂದ ಬೇರೂರಿರುತ್ತದೆ. ಆದರೆ ಪಾಠಶಾಲೆಯ ಮೊದಲನೆಯ ಅವಧಿಯೂ ಮುಂಗಾರಿನ ಕಾಲವೂ ಹೆಚ್ಚು ಕಡಮೆ ಒಂದೇ ಆಗಿರುವುದನ್ನು ಗಮನಿಸಿದವರು ವಿರಳ. ಬೇಸಿಗೆಯ ರಜ ಮುಗಿದು ಬಾಗಿಲು ತೆರೆಯುವಾಗ ಮೃಗಶಿರಾ ಮಳೆಯು ಸಮೀಪಿಸಿರುತ್ತದೆ. ದಸರೆಯ ರಜಕ್ಕೆ ಬಾಗಿಲು ಮುಚ್ಚುವಾಗ ಹಸ್ತದ ಮಳೆಯು ನಡೆಯುತ್ತಿರುತ್ತದೆ. ಈ ನಾಲ್ಕು ತಿಂಗಳುಗಳನ್ನು ತುಮಕೂರು ಜಿಲ್ಲೆಯ ಖುಷ್ಕಿ ಸೀಮೆಯ ಒಂದು ಸರ್ಕಾರಿ ಪ್ರಾಥಮಿಕ ಪಾಠಶಾಲೆಯ ನಾಲ್ಕನೆಯ ತರಗತಿಯವರು ಹೇಗೆ ಕಳೆದರೆಂಬುದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮಳೆಯ ಲೆಕ್ಕ

ಕಟ್ಟಡದ ಹಿಂದೆ ಅರ್ಧ ಗುಂಟೆಯಷ್ಟು ನೆಲವಿತ್ತು. ತಳವೂ ಬಾಯಿಯೂ ಒಂದೇ ಅಗಲವುಳ್ಳ ಒಂದು ಡಬ್ಬಿಯನ್ನು ಮರದ ಮರೆಯಿಲ್ಲದೆಡೆಯಲ್ಲಿ ನಿಲ್ಲಿಸಿ, ಅದರಲ್ಲಿ ಸೇರಿದ ನೀರಿನ ಆಳವನ್ನು ಮಕ್ಕಳು ಪ್ರತಿದಿನ ಬೆಳಗ್ಗೆ ಅಳತೆಪಟ್ಟಿಯಿಂದ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಚದರ ಮೀಟರು ನೆಲದ ಮೇಲೆ 1 ಮಿಲಿಮೀಟರು ಮಳೆಯಾದರೆ ಬಿದ್ದ ನೀರು 1 ಲೀಟರು. ಅರ್ಧ ಗುಂಟೆಯೆಂದರೆ ಸುಮಾರು 50 ಚದರ ಮೀಟರು. ಆದುದರಿಂದ 12 ಮಿಲಿಮೀಟರು ಮಳೆ ಬಿದ್ದ ರಾತ್ರಿಯಲ್ಲಿ ತಮ್ಮ ತೋಟಕ್ಕೆ 600 ಲೀಟರು, ಎಂದರೆ 15 ಲೀಟರು ಹಿಡಿಯುವ ನಲವತ್ತು ಬಿಂದಿಗೆಗಳಷ್ಟು ನೀರು ದೊರೆಯಿತೆಂದು ಮಕ್ಕಳೇ ಗುಣಿಸಿ ಕಂಡುಕೊಂಡರು. ನೀರು ಹೊತ್ತು ಅಭ್ಯಾಸವಿದ್ದ ಆ ಮಕ್ಕಳಿಗೆ ಈ ಗುಣಾಕಾರವು ಮರೆಯುವಂಥದಾಗಲಿಲ್ಲ.

ಬೀಜದ ಪರೀಕ್ಷೆ

ಆರಿದ್ರಾ ಮಳೆಗೆ ಮುಂಚೆ ಉಪಾಧ್ಯಾಯಿನಿಯವರು ಮನೆಗಳಿಂದ ಅಲಸಂದೆಯ ಬಿತ್ತನೆ ಬೀಜವನ್ನು ತರಿಸಿದರು. ಒಬ್ಬೊಬ್ಬರ ಬೀಜದಲ್ಲಿಯೂ ಆರಿಸದೆ ನೂರು ಕಾಳುಗಳನ್ನು ಎಣಿಸಿ, ಒದ್ದೆಯ ಗೋಣಿಯಲ್ಲಿ ಸುತ್ತಿ, ಆರದಂತೆ ನೀರು ಚಿಮುಕಿಸಿ, ಐದನೆಯ ದಿನ ಬಿಚ್ಚಿ ನೋಡಿದರು. ಅಲಸಂದೆ, ತೊಗರಿ ಮೊದಲಾದ ಬೇಳೆಕಾಳುಗಳ ಪ್ರಮಾಣಿತ ಬೀಜವು ನೂರಕ್ಕೆ 75ಕ್ಕೆ ಕಡಮೆಯಿಲ್ಲದೆ ಮೊಳೆಯತಕ್ಕದ್ದು. ಒಬ್ಬ ಹುಡುಗಿಯು ತಂದ ಬೀಜದಲ್ಲಿ ಮೊಳೆತದ್ದು 41 ಮಾತ್ರ. ಉಳಿದವುಗಳಲ್ಲಿ ಬಹುಪಾಲು ಹುಳು ಕೊರೆದು ಟೊಳ್ಳಾಗಿದ್ದವು.

ಆ ಸಂಜೆ ಅವಳು ಮನೆಯಲ್ಲಿ ಇದನ್ನು ಹೇಳಲು ತಂದೆಯು ನಕ್ಕು, "ನಮ್ಮಪ್ಪನ ಕಾಲದಿಂದ ಹೀಗೇ ಬಿತ್ತಿದ್ದೇವೆ ಮಗಳೇ, ಹುಟ್ಟದೆ ಎಲ್ಲಿಗೆ ಹೋದೀತು?" ಎಂದರಂತೆ. "ಅಪ್ಪ, ಮೂರು ಸಲ ಎಣಿಸಿದೆವು" ಎಂದಳಂತೆ ಮಗಳು. ಆತನು ಆ ದಿನ ಮತ್ತೇನೂ ಹೇಳಲಿಲ್ಲ. ಆದರೆ ತಾನೂ ಗೋಣಿಯಲ್ಲಿ ನೂರು ಕಾಳು ಸುತ್ತಿಟ್ಟು ನೋಡಿ, ಬಿತ್ತನೆಗೆ ಮೊದಲೇ ರೈತ ಸಂಪರ್ಕ ಕೇಂದ್ರದಿಂದ ಬೇರೆ ಬೀಜವನ್ನು ತಂದನು. ಹಳೆಯ ಬೀಜವನ್ನೇ ಬಿತ್ತಿದ್ದರೆ ಸಾಲು ಬರಿದಾದುದು ವಾರದ ಮೇಲೆ ತಿಳಿಯುತ್ತಿತ್ತು. ಅಷ್ಟರಲ್ಲಿ ಭೂಮಿಯ ಹದವೂ ಕಳೆದುಹೋಗುತ್ತಿತ್ತು. ಮಳೆಯನ್ನೇ ನಂಬಿದ ಕುಟುಂಬಕ್ಕೆ ಇದು ಅಲ್ಪ ನಷ್ಟವಲ್ಲ.

ಬೇರಿನ ಗಂಟು

ಅಲಸಂದೆಯ ಪಕ್ಕದ ಪಾತಿಗಳಲ್ಲಿ ಹಾಕಿದ್ದ ದಂಟಿನ ಸೊಪ್ಪು ಒಂದು ತಿಂಗಳಲ್ಲಿ ಕೀಳಲು ಬಂದು ಮಧ್ಯಾಹ್ನದ ಬಿಸಿಯೂಟದ ಹುಳಿಗೆ ಸೇರಿತು. ಆಶ್ಲೇಷಾ ಮಳೆಯಲ್ಲಿ ಅಲಸಂದೆಯ ಒಂದು ಗಿಡವನ್ನು ಬೇರುಸಹಿತ ಅಗೆದು ತೊಳೆದಾಗ ಬೇರಿನಲ್ಲಿ ಸಣ್ಣ ಗಂಟುಗಳು ಕಂಡುಬಂದವು. ರೋಗವೆಂದು ಮಕ್ಕಳು ಗಾಬರಿಗೊಂಡರು. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿತ್ತು. ಆ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುವುವೆಂದೂ, ಗುಲಾಬಿ ಬಣ್ಣವು ಅವು ಕೆಲಸ ಮಾಡುತ್ತಿರುವುದರ ಗುರುತೆಂದೂ ಉಪಾಧ್ಯಾಯಿನಿಯವರು ತಿಳಿಸಿದರು. ರಾಗಿಯ ಹೊಲದಲ್ಲಿ ಹಿರಿಯರು ಅವರೆ, ಅಲಸಂದೆಗಳ ಅಕ್ಕಡಿ ಸಾಲುಗಳನ್ನು ಇಡುತ್ತಿದ್ದುದರ ಒಂದು ಗುಣವು ಹೀಗೆ ಮಕ್ಕಳಿಗೆ ಮನದಟ್ಟಾಯಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಒಂದು ದಿನ ತಡಿಕೆಯನ್ನು ಮುಚ್ಚಲು ಮರೆತುದರಿಂದ ಆಡುಗಳು ನುಗ್ಗಿ ಎರಡು ಸಾಲುಗಳನ್ನು ಮೇಯ್ದುಬಿಟ್ಟವು. ಸರದಿಯಲ್ಲಿದ್ದ ಇಬ್ಬರು ಹುಡುಗರು ತಪ್ಪನ್ನು ತಾವಾಗಿಯೇ ಒಪ್ಪಿಕೊಂಡರು. ಮರುದಿನ ಇಡೀ ತರಗತಿಯು ಸೇರಿ ಮುಳ್ಳುಬೇಲಿಯನ್ನು ಭದ್ರಪಡಿಸಿತು.

ಅವಧಿಯ ಕೊನೆಯಲ್ಲಿ ಉಳಿದ ಸಾಲುಗಳ ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬಿಗಿಯಾದ ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿ, "ಮುಂದಿನ ವರ್ಷದ ನಾಲ್ಕನೆಯ ತರಗತಿಯವರಿಗೆ" ಎಂದು ಚೀಟಿಯನ್ನು ಅಂಟಿಸಿದರು.

ಈ ಪಾಠಕ್ಕೆ ಬೇಕಾದುದು ಒಂದು ಡಬ್ಬಿ, ಒಂದು ಗೋಣಿ, ತುಂಡು ನೆಲ ಮತ್ತು ಎಣಿಸುವ ತಾಳ್ಮೆ ಮಾತ್ರ. ಗ್ರಾಮಗಳ ಉಪಾಧ್ಯಾಯರು ಇದನ್ನು ಅನುಸರಿಸಬೇಕೆಂದೂ, ಮಕ್ಕಳು ಲೆಕ್ಕವನ್ನು ಮನೆಗೆ ತಂದಾಗ ರೈತ ಬಾಂಧವರು ನಕ್ಕು ಸುಮ್ಮನಾಗದೆ ತಾವೂ ನೂರು ಕಾಳುಗಳನ್ನು ಎಣಿಸಿ ನೋಡಬೇಕೆಂದೂ ನಮ್ಮ ವಿಜ್ಞಾಪನೆ.